ಮುಂದಿನ ಕಥೆಯನ್ನು ಬರೆಯಬಾರದೆ?

ಒಳ್ಳೆಯ ಕಥೆಯೊಂದನ್ನು ಓದಿ ಮುಗಿಸಿದ ಮೇಲೆ ಪುಸ್ತಕವನ್ನು ಮುಚ್ಚಬಹುದೇ ಹೊರತು ಮನಸ್ಸನ್ನು ಮುಚ್ಚಲಾಗುವುದಿಲ್ಲ. ಆಮೇಲೆ ಅವಳೇನಾದಳು, ಆ ಸುದ್ದಿಯನ್ನು ಕೇಳಿ ಅವನ ತಾಯಿ ಏನೆಂದುಕೊಂಡಳು, ಒಂದೇ ಸಲ ಕಾಣಿಸಿಕೊಂಡು ಮರೆಯಾದ ಆ ಕೆಲಸದ ಹುಡುಗಿಯ ಗತಿಯೇನು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಪ್ರಬಂಧದ ಗಂಟೆಯಲ್ಲಿ ಉಪಾಧ್ಯಾಯಿನಿಯರು ಅರ್ಧ ಕಥೆಯನ್ನು ಹೇಳಿ, ಉಳಿದುದನ್ನು ನೀವೇ ಪೂರ್ತಿಮಾಡಿರೆಂದು ಅಪ್ಪಣೆಕೊಡುವ ಪದ್ಧತಿಯನ್ನು ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಅಲ್ಲಿ ಅದು ವಿದ್ಯಾಭ್ಯಾಸ. ಚೆನ್ನಾಗಿ ಬರೆದವಳಿಗೆ ಹೆಚ್ಚು ಅಂಕಗಳು. ಅದೇ ಕೆಲಸವನ್ನು ಬಾಲಿಕೆಯೊಬ್ಬಳು ತನ್ನಷ್ಟಕ್ಕೆ ತಾನೇ ಮಾಡಿ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಅಂತರಜಾಲದಲ್ಲಿ ಇಟ್ಟರೆ, ಅದಕ್ಕೆ ಕಳವೆಂಬ ಹೆಸರು ಬರಬಹುದು, ಅಸಭ್ಯವೆಂಬ ಹೆಸರೂ ಬರಬಹುದು. ಬೆಳಗಾಗುವಷ್ಟರಲ್ಲಿ ಅದು ಅಳಿಸಿಹೋಗಿರಲೂಬಹುದು. ಇದು ನ್ಯಾಯವೇ ಎಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂಬುದೇ ನಮ್ಮ ಉದ್ದೇಶ.

ಇಂಥ ಬರವಣಿಗೆಗೆ ‘ಫ್ಯಾನ್ ಫಿಕ್ಷನ್’ ಎಂಬ ಹೆಸರು ರೂಢಿಯಲ್ಲಿದೆ. ನಾವು ಅದನ್ನು ಅಭಿಮಾನಿ ಕಥೆಯೆಂದು ಕರೆಯುವೆವು. ಒಬ್ಬ ಗ್ರಂಥಕರ್ತನು ಸೃಷ್ಟಿಸಿದ ಪಾತ್ರಗಳನ್ನು ಓದುಗರು ಪ್ರೀತಿಯಿಂದ ಎತ್ತಿಕೊಂಡು, ಅವನು ಹೇಳದೆ ಬಿಟ್ಟುದನ್ನು ಹೇಳುವುದು, ಮುಗಿಸಿದುದನ್ನು ಮುಂದುವರಿಸುವುದು, ಒಂದು ಕಡೆಯಿಂದ ಕಂಡುದನ್ನು ಇನ್ನೊಂದು ಕಡೆಯಿಂದ ಕಾಣುವುದು, ಇದೇ ಅದರ ಲಕ್ಷಣ. ಈ ಬರೆಹಗಾರರಲ್ಲಿ ಕೆಲವು ಮರ್ಯಾದೆಗಳು ತಾವಾಗಿಯೇ ಬೆಳೆದುಬಂದಿವೆ. ಮೂಲಗ್ರಂಥವಾವುದೆಂಬುದನ್ನು ಮೊದಲೇ ತಿಳಿಸುವರು. ಸಾಮಾನ್ಯವಾಗಿ ಕಥೆಗೆ ಹಣವನ್ನು ಕೇಳುವುದಿಲ್ಲ. ಪ್ರಕಟಿಸುವುದಕ್ಕೆ ಮುಂಚೆ ‘ಬೀಟಾ ರೀಡರ್’ ಎಂದು ಕರೆಯಲ್ಪಡುವ ಸ್ನೇಹಿತೆಯ ಕೈಗೆ ಕೊಟ್ಟು, ವ್ಯಾಕರಣದ ತಪ್ಪುಗಳನ್ನೂ ಕಥೆಯ ತೊಡಕುಗಳನ್ನೂ ತಿದ್ದಿಸಿಕೊಳ್ಳುವ ಪದ್ಧತಿಯೂ ಉಂಟು.

ಇದರ ಇತಿಹಾಸದಲ್ಲಿ ಸ್ತ್ರೀಯರ ಪಾಲು ದೊಡ್ಡದು. ೧೯೬೭ರಲ್ಲಿ ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಟೆಲಿವಿಷನ್ ಕಥಾಮಾಲೆಯನ್ನು ಮೆಚ್ಚಿದವರು ‘ಸ್ಪಾಕನೇಲಿಯಾ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದರ ಸಂಪಾದಕರು ಇಬ್ಬರು ಮಹಿಳೆಯರು. ೧೯೯೮ರಲ್ಲಿ ಅಂತರಜಾಲದಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಎಂಬ ಭಂಡಾರವು ತೆರೆಯಿತು. ೨೦೦೭ರಲ್ಲಿ ಒಂದು ವ್ಯಾಪಾರಸಂಸ್ಥೆಯು ಈ ಕಥೆಗಳಿಂದ ಲಾಭ ಮಾಡಿಕೊಳ್ಳಲು ಹವಣಿಸಿದಾಗ, ಬರೆಯುವವರೇ ಒಟ್ಟುಗೂಡಿ ‘ಆರ್ಗನೈಸೇಷನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್’ ಎಂಬ ಲಾಭಾಪೇಕ್ಷೆಯಿಲ್ಲದ ಸಂಘವನ್ನು ಸ್ಥಾಪಿಸಿದರು. ಕಾದಂಬರಿಕಾರ್ತಿ ನವೋಮಿ ನೋವಿಕ್ ಅವರು ಸ್ಥಾಪಕರಲ್ಲಿ ಒಬ್ಬರು. ಈ ಸಂಘವು ೨೦೦೯ರಲ್ಲಿ ತೆರೆದ ಭಂಡಾರಕ್ಕೆ ‘ಆರ್ಕೈವ್ ಆಫ್ ಅವರ್ ಓನ್’, ಎಂದರೆ ನಮ್ಮದೇ ಆದ ಭಂಡಾರ, ಎಂದು ಹೆಸರು. ಬರೆಯಬೇಕೆನ್ನುವ ಹೆಣ್ಣಿಗೆ ತನ್ನದೇ ಆದ ಕೋಣೆಯೊಂದು ಬೇಕೆಂದು ವರ್ಜೀನಿಯಾ ವುಲ್ಫ್ ೧೯೨೯ರಲ್ಲಿ ಬರೆದ ಪುಸ್ತಕದ ನೆನಪು ಆ ಹೆಸರಿನಲ್ಲಿದೆ. ಅಲ್ಲಿ ಜಾಹೀರಾತುಗಳಿಲ್ಲ, ಚಂದಾ ಇಲ್ಲ. ಕೆಲಸಗಾರರು ಸ್ವಯಂಸೇವಕರು, ಖರ್ಚಿಗೆ ಓದುಗರ ದಾನ. ೨೦೧೯ರಲ್ಲಿ ಅಲ್ಲಿಯ ಕೃತಿಗಳ ಸಂಖ್ಯೆ ೫೦ ಲಕ್ಷಕ್ಕೆ ಮುಟ್ಟಿತು. ಅದೇ ವರ್ಷ ಆ ಭಂಡಾರಕ್ಕೆ ಹ್ಯೂಗೋ ಬಹುಮಾನವೂ ದೊರೆಯಿತು.

ಇದರಿಂದ ಮಕ್ಕಳಿಗೆ ಪ್ರಯೋಜನವೇನೆಂದು ಕೇಳುವವರಿಗೆ ಹೆನ್ರಿ ಜೆಂಕಿನ್ಸ್ ಎಂಬ ವಿದ್ವಾಂಸರು ೨೦೦೬ರ ತಮ್ಮ ಗ್ರಂಥದಲ್ಲಿ ವರ್ಣಿಸಿರುವ ಒಂದು ಸಂಗತಿಯನ್ನು ಹೇಳುವೆವು. ಹದಿಹರೆಯದ ಅಮೆರಿಕದ ಬಾಲಿಕೆಯೊಬ್ಬಳು ಹ್ಯಾರಿ ಪಾಟರನ ಕಥೆಗಳನ್ನು ಓದಿ, ಆ ಕಥೆಯೊಳಗಿನ ಮಂತ್ರವಿದ್ಯಾಶಾಲೆಗೆಂದೇ ಒಂದು ಕಲ್ಪಿತ ವೃತ್ತಪತ್ರಿಕೆಯನ್ನು ಅಂತರಜಾಲದಲ್ಲಿ ನಡೆಸಿದಳು. ನಾನಾ ದೇಶಗಳ ನೂರಕ್ಕೂ ಮಿಕ್ಕ ಮಕ್ಕಳು ಅದಕ್ಕೆ ವರದಿಗಾರರಾಗಿ ಬರೆದರು; ಆಕೆ ಅವರ ಲೇಖನಗಳನ್ನು ತಿದ್ದಿದಳು. ಬರೆಯುವುದು, ತಿದ್ದುವುದು, ಹೇಳಿದ ಹೊತ್ತಿಗೆ ಒಪ್ಪಿಸುವುದು, ಇನ್ನೊಬ್ಬರ ಟೀಕೆಯನ್ನು ತಾಳಿಕೊಳ್ಳುವುದು, ಇವನ್ನೆಲ್ಲ ಆ ಮಕ್ಕಳು ಆಟದಂತೆ ಕಲಿತರು. ಯಾವ ಶಾಲೆಯು ಇಂಥ ಫಲವನ್ನು ಬೇಡವೆನ್ನುವುದು?

ಆದರೆ ಆ ಮಕ್ಕಳಿಗೆ ದೊರೆತ ಪಾರಿತೋಷಕವೇನು? ಹ್ಯಾರಿ ಪಾಟರನ ಚಲನಚಿತ್ರದ ಹಕ್ಕನ್ನು ಕೊಂಡಿದ್ದ ವಾರ್ನರ್ ಬ್ರದರ್ಸ್ ಸಂಸ್ಥೆಯು ೨೦೦೦ದ ಕೊನೆಯಲ್ಲಿ, ಆ ಕಥೆಗಳ ಹೆಸರಿನಲ್ಲಿ ಜಾಲತಾಣಗಳನ್ನು ನಡೆಸುತ್ತಿದ್ದ ಎಳೆಯರಿಗೆ ತನ್ನ ವಕೀಲರ ಮೂಲಕ ಪತ್ರಗಳನ್ನು ಕಳುಹಿಸಿತು. ಇಂಗ್ಲೆಂಡಿನ ಹದಿನೈದು ವರ್ಷದ ಹುಡುಗಿಯೊಬ್ಬಳಿಗೆ, ನಿನ್ನ ತಾಣದ ಹೆಸರನ್ನು ನಮಗೆ ಒಪ್ಪಿಸು ಎಂಬ ಬೇಡಿಕೆ ಬಂದಿತು. ಮೇಲೆ ಹೇಳಿದ ಪತ್ರಿಕೆಯನ್ನು ನಡೆಸುತ್ತಿದ್ದ ಬಾಲಿಕೆಯೇ ಮುಂದೆ ನಿಂತು, ಇಂಥ ಮಕ್ಕಳ ಪರವಾಗಿ ಸಾಮಾನುಗಳ ಬಹಿಷ್ಕಾರವನ್ನು ಹೂಡಿದಳು. ಸುದ್ದಿಯು ಪತ್ರಿಕೆಗಳಲ್ಲಿ ಹಬ್ಬಿದ ಮೇಲೆ ೨೦೦೧ರಲ್ಲಿ ಸಂಸ್ಥೆಯು ಹಿಂದೆಗೆಯಿತು. ಆ ಹುಡುಗಿಯರಿಗೆ ಧೈರ್ಯವಿತ್ತು, ತಾಯಿತಂದೆಗಳ ಬೆಂಬಲವಿತ್ತು, ಪತ್ರಿಕೆಗಳ ಸಹಾಯವೂ ದೊರೆಯಿತು. ಇವು ಮೂರೂ ಇಲ್ಲದ ಹುಡುಗಿಯು ಏನು ಮಾಡುವಳು? ಪತ್ರವನ್ನು ಓದಿ ಬೆದರಿ, ಬರೆದುದನ್ನೆಲ್ಲ ಅಳಿಸಿ, ಮತ್ತೆ ಲೇಖನಿಯನ್ನು ಮುಟ್ಟದೆ ಇರುವಳು. ಕಾನೂನಿನ ಅತಿಯಿಂದಾಗುವ ನಷ್ಟವು ನ್ಯಾಯಾಲಯದ ದಾಖಲೆಗಳಲ್ಲಿ ಕಾಣುವುದಿಲ್ಲ. ಅದು ಬರೆಯದೆ ಉಳಿದ ಪುಟಗಳಲ್ಲಿರುವುದು.

ಒಬ್ಬರ ಕಥೆಯನ್ನು ಇನ್ನೊಬ್ಬರು ತಿರುಗಿಸಿ ಹೇಳುವುದು ಕನ್ನಡಿಗರಿಗೆ ಹೊಸದಲ್ಲ. ೯೪೧ರಲ್ಲಿ ಪಂಪನು ಭಾರತವನ್ನು ಬರೆದಾಗ, ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯನ್ನಾಗಿ ಮಾಡಿದನು. ನಾಗಚಂದ್ರನ ರಾಮಾಯಣದಲ್ಲಿ ಜೈನಸಂಪ್ರದಾಯದಂತೆ ರಾವಣನನ್ನು ಕೊಲ್ಲುವವನು ಲಕ್ಷ್ಮಣನು. ೧೯೪೯ರಲ್ಲಿ ಮುದ್ರಣವಾದ ಕುವೆಂಪುರವರ ರಾಮಾಯಣದರ್ಶನದಲ್ಲಿ ರಾವಣನ ಅಂತರಂಗಕ್ಕೆ ಬೇರೆಯೇ ಒಂದು ಬೆಳಕು ಬಿದ್ದಿದೆ. ದಕ್ಷಿಣ ಕನ್ನಡದ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಪ್ರಸಂಗದ ಪದ್ಯಗಳನ್ನಷ್ಟೆ ಆಧಾರವಾಗಿಟ್ಟುಕೊಂಡು, ಕರ್ಣನೂ ಶಲ್ಯನೂ ಆಡಿರಬಹುದಾದ ಮಾತುಗಳನ್ನು ಅಲ್ಲಿಯೇ ಕಟ್ಟಿ ರಾತ್ರಿಯೆಲ್ಲ ಆಡುವರು. ಕೇಳುವವರು ಇದನ್ನು ಕಳವೆನ್ನದೆ ಪ್ರತಿಭೆಯೆನ್ನುವರು.

ಇದಕ್ಕೆ ಒಂದು ಆಕ್ಷೇಪಣೆಯುಂಟು. ರಾಮಾಯಣ ಭಾರತಗಳು ಎಲ್ಲರ ಸೊತ್ತು. ಈಗ ಬದುಕಿರುವ ಲೇಖಕನ ಪುಸ್ತಕವು ಹಾಗಲ್ಲ, ಅದು ಅವನ ಬೆವರು, ಅವನ ಅನ್ನ ಎಂದು ಹೇಳುವರು. ಈ ಮಾತಿನಲ್ಲಿ ಸತ್ಯವಿದೆ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಲೇಖಕನ ಪುಸ್ತಕವನ್ನು ಅವನ ಅಪ್ಪಣೆಯಿಲ್ಲದೆ ಅಚ್ಚುಮಾಡಿ ಮಾರುವವನು ಅವನ ಅನ್ನವನ್ನು ಕಸಿಯುವನು. ಆದರೆ ಅಭಿಮಾನಿ ಕಥೆಯನ್ನು ಓದಿದವರು ಮೂಲವನ್ನು ಕೊಳ್ಳದೆ ಬಿಡುವರೆ? ಮೂಲವನ್ನು ಓದದವರಿಗೆ ಆ ಕಥೆಯ ತಲೆಯೂ ತಿಳಿಯದು, ಬಾಲವೂ ತಿಳಿಯದು. ಅದನ್ನು ಬರೆಯುವವರೂ ಓದುವವರೂ ಮೂಲಗ್ರಂಥದ ಅತ್ಯಂತ ನಿಷ್ಠೆಯ ಗಿರಾಕಿಗಳು. ಇನ್ನು ಲೇಖಕನಿಗೆ ಬೇಸರವಾದರೆ ಅವನಿಗೆ ಒಂದು ಉತ್ತಮವಾದ ದಾರಿಯಿದೆ. ಸ್ಪೇನ್ ದೇಶದ ಸರ್ವಾಂಟಿಸನು ೧೬೦೫ರಲ್ಲಿ ಡಾನ್ ಕ್ವಿಕ್ಸೋಟನ ಕಥೆಯ ಮೊದಲನೆಯ ಭಾಗವನ್ನು ಪ್ರಕಟಿಸಿದನು. ೧೬೧೪ರಲ್ಲಿ ಅವೆಲನೇಡ ಎಂಬ ಸುಳ್ಳು ಹೆಸರಿನಿಂದ ಮತ್ತೊಬ್ಬನು ಅದರ ಎರಡನೆಯ ಭಾಗವನ್ನು ಬರೆದು ಮಾರಿದನು. ಮಾರನೆಯ ವರ್ಷವೇ ಸರ್ವಾಂಟಿಸನು ತನ್ನ ಎರಡನೆಯ ಭಾಗವನ್ನು ಹೊರತಂದು, ಅದರೊಳಗೇ ಆ ಸುಳ್ಳು ಪುಸ್ತಕವನ್ನು ಹಾಸ್ಯಮಾಡಿದನು. ಇಂದು ಲೋಕವು ಓದುವುದು ಯಾರ ಪುಸ್ತಕವನ್ನೆಂಬುದು ಎಲ್ಲರಿಗೂ ಗೊತ್ತು.

ಈಗ ಕಾನೂನಿನ ಮಾತು. ಗ್ರಂಥಸ್ವಾಮ್ಯವು, ಎಂದರೆ ಕಾಪಿರೈಟು, ಹುಟ್ಟಿದಾಗ ಇಷ್ಟು ದೀರ್ಘಾಯುವಾಗಿರಲಿಲ್ಲ. ೧೭೧೦ರ ಇಂಗ್ಲೆಂಡಿನ ಶಾಸನದಲ್ಲಿ ಹೊಸ ಪುಸ್ತಕಕ್ಕೆ ೧೪ ವರ್ಷಗಳ ರಕ್ಷಣೆ. ಲೇಖಕನು ಬದುಕಿದ್ದರೆ ಇನ್ನು ೧೪ ವರ್ಷ. ನಮ್ಮ ದೇಶದ ೧೯೫೭ರ ಕಾಯಿದೆಯು ಲೇಖಕನು ತೀರಿಕೊಂಡ ಮೇಲೆ ೫೦ ವರ್ಷಗಳವರೆಗೆ ಸ್ವಾಮ್ಯವನ್ನು ಕೊಟ್ಟಿತು. ೧೯೯೨ರಲ್ಲಿ ಅದು ೬೦ ವರ್ಷವಾಯಿತು. ಅಮೆರಿಕದಲ್ಲಿ ೧೯೯೮ರಲ್ಲಿ ೭೦ ವರ್ಷವಾಯಿತು. ಇದರ ಪರಿಣಾಮವನ್ನು ನಮ್ಮ ಮನೆಯ ಉದಾಹರಣೆಯಿಂದಲೇ ನೋಡಬಹುದು. ಕುವೆಂಪುರವರ ‘ಕಾನೂರು ಹೆಗ್ಗಡಿತಿ’ಯು ೧೯೩೬ರಲ್ಲಿ ಪ್ರಕಟವಾಯಿತು. ಅವರು ತೀರಿಕೊಂಡುದು ೧೯೯೪ರಲ್ಲಿ. ಆದಕಾರಣ ಅದರ ಸ್ವಾಮ್ಯವು ೨೦೫೪ರ ಕೊನೆಯವರೆಗೆ ಇರುವುದು. ಚಂದ್ರಯ್ಯಗೌಡನ ಮೂರನೆಯ ಹೆಂಡತಿಯಾಗಿ ಬಂದ ಸುಬ್ಬಮ್ಮನು ಆ ಮನೆಯ ಒಳಕೋಣೆಯಲ್ಲಿ ಕುಳಿತು ತನ್ನ ಕಥೆಯನ್ನು ತಾನೇ ಹೇಳಿಕೊಂಡರೆ ಹೇಗಿರಬಹುದೆಂದು ಇಂದು ಒಬ್ಬ ಕಾಲೇಜು ವಿದ್ಯಾರ್ಥಿನಿಯು ಬರೆದರೆ, ಅದು ತಪ್ಪೋ ಸರಿಯೋ ಎಂಬುದನ್ನು ಅವಳಿಗೆ ಖಂಡಿತವಾಗಿ ಹೇಳಬಲ್ಲ ವಾಕ್ಯವು ನಮ್ಮ ಕಾಯಿದೆಯಲ್ಲಿಲ್ಲ. ಸ್ವಂತ ಉಪಯೋಗ, ವಿಮರ್ಶೆ, ವರ್ತಮಾನ ಪ್ರಕಟಣೆ, ಇವುಗಳಿಗೆ ನ್ಯಾಯವಾದ ಬಳಕೆಯೆಂಬ ವಿನಾಯಿತಿಯುಂಟು. ಪ್ರೀತಿಯಿಂದ ಕಥೆಯನ್ನು ಬೆಳೆಸುವುದಕ್ಕೆ ಹೆಸರಿಲ್ಲ.

ನ್ಯಾಯಾಧೀಶರು ಕಾಯಿದೆಗಿಂತ ಉದಾರಿಗಳಾದ ನಿದರ್ಶನಗಳಿವೆಯೆಂಬುದು ಸಂತೋಷದ ಸಂಗತಿ. ಕಥೆಯ ವಸ್ತುವಿಗೆ, ಭಾವನೆಗೆ ಸ್ವಾಮ್ಯವಿಲ್ಲ. ಅದನ್ನು ಹೇಳಿದ ರೀತಿಗೆ ಮಾತ್ರ ಸ್ವಾಮ್ಯವೆಂದು ೧೯೭೮ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆರ್. ಜಿ. ಆನಂದರ ನಾಟಕದ ವ್ಯಾಜ್ಯದಲ್ಲಿ ತೀರ್ಪುಕೊಟ್ಟಿತು. ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ನೆರೆಯ ಕೇರಳದ ಒಂದು ವ್ಯಾಜ್ಯ. ತೋಪ್ಪಿಲ್ ಭಾಸಿಯವರು ೧೯೫೨ರಲ್ಲಿ ‘ನೀವು ನನ್ನನ್ನು ಕಮ್ಯೂನಿಸ್ಟನನ್ನಾಗಿ ಮಾಡಿದಿರಿ’ ಎಂಬ ಅರ್ಥದ ಹೆಸರಿನ ಮಲಯಾಳ ನಾಟಕವನ್ನು ಬರೆದರು. ೧೯೯೫ರಲ್ಲಿ ಸಿವಿಕ್ ಚಂದ್ರನ್ ಎಂಬವರು ಅದಕ್ಕೆ ಪ್ರತಿಯಾಗಿ, ‘ನೀವು ಯಾರನ್ನು ಕಮ್ಯೂನಿಸ್ಟರನ್ನಾಗಿ ಮಾಡಿದಿರಿ’ ಎಂದು ಕೇಳುವ ನಾಟಕವನ್ನು ಬರೆದರು. ಹಳೆಯ ನಾಟಕದ ಪಾತ್ರಗಳೇ ಮತ್ತೆ ರಂಗಕ್ಕೆ ಬಂದು, ಅಷ್ಟು ವರ್ಷಗಳ ಹೋರಾಟದಿಂದ ದಲಿತರಿಗೆ ದೊರೆತುದೇನೆಂದು ವಿಚಾರಿಸಿದವು. ಭಾಸಿಯವರ ವಾರಸುದಾರರು ದಾವೆ ಹೂಡಿದರು. ಇದು ನಕಲಲ್ಲ, ಮೂಲನಾಟಕದ ವಿಮರ್ಶೆಯೆಂದು ಕೇರಳದ ಹೈಕೋರ್ಟು ೧೯೯೬ರಲ್ಲಿ ಪ್ರತಿನಾಟಕದ ಪರವಾಗಿ ನಿಂತಿತು.

ಅಮೆರಿಕದಲ್ಲಿಯೂ ಇದೇ ಬಗೆಯ ಪ್ರಸಂಗವೊಂದು ನಡೆಯಿತು. ಮಾರ್ಗರೆಟ್ ಮಿಚೆಲ್ ೧೯೩೬ರಲ್ಲಿ ಬರೆದ ‘ಗಾನ್ ವಿತ್ ದ ವಿಂಡ್’ ಕಾದಂಬರಿಯನ್ನು ಅಲಿಸ್ ರಾಂಡಲ್ ಎಂಬ ಆಫ್ರಿಕನ್ ಮೂಲದ ಅಮೆರಿಕದ ಲೇಖಕಿಯು ದಾಸಿಯೊಬ್ಬಳ ಮಗಳ ಬಾಯಿಂದ ಹೇಳಿಸಿದರು. ಮಿಚೆಲ್ ೧೯೪೯ರಲ್ಲಿಯೇ ತೀರಿಕೊಂಡಿದ್ದರು. ಆದರೂ ೨೦೦೧ರಲ್ಲಿ, ಎಂದರೆ ೫೨ ವರ್ಷಗಳ ಮೇಲೆ, ಅವರ ಆಸ್ತಿಯ ಧರ್ಮದರ್ಶಿಗಳು ನ್ಯಾಯಾಲಯದಿಂದ ಆ ಪುಸ್ತಕಕ್ಕೆ ತಡೆಯಾಜ್ಞೆಯನ್ನು ತಂದರು. ಅದೇ ವರ್ಷ ಮೇಲಿನ ನ್ಯಾಯಾಲಯವು ಆ ಆಜ್ಞೆಯನ್ನು ತೆಗೆದುಹಾಕಿತು. ಈ ಎರಡು ವ್ಯಾಜ್ಯಗಳಲ್ಲಿಯೂ ಬಾಯಿತೆರೆದವರು ಯಾರೆಂಬುದನ್ನು ವಾಚಕರು ಗಮನಿಸಬೇಕು. ಒಂದರಲ್ಲಿ ದಲಿತರು, ಇನ್ನೊಂದರಲ್ಲಿ ದಾಸಿಯ ಮಗಳು. ಮೂಲಕಥೆಯ ಅಂಚಿನಲ್ಲಿ ನಿಂತಿದ್ದವರಿಗೆ ಮಾತು ಬರಬೇಕಾದರೆ ಯಾರಾದರೊಬ್ಬರು ಆ ಕಥೆಯನ್ನು ತಿರುಗಿ ಬರೆಯಲೇಬೇಕು.

ಆದರೆ ರಾಂಡಲ್ ಅವರ ಬೆನ್ನ ಹಿಂದೆ ದೊಡ್ಡ ಪ್ರಕಾಶನಸಂಸ್ಥೆಯಿತ್ತು. ಮನೆಯಲ್ಲಿ ಕುಳಿತು ಬರೆಯುವ ಹುಡುಗಿಯ ಹಿಂದೆ ಯಾರಿರುವರು? ಆನ್ ರೈಸ್ ಎಂಬ ಪ್ರಖ್ಯಾತ ಕಾದಂಬರಿಕಾರ್ತಿಯು ತನ್ನ ಪಾತ್ರಗಳನ್ನು ಯಾರೂ ಮುಟ್ಟಕೂಡದೆಂದು ಸಾರಿದಾಗ, ಅಂಥ ಕಥೆಗಳು ಫ್ಯಾನ್‌ಫಿಕ್ಷನ್ ಡಾಟ್ ನೆಟ್ಟಿನಿಂದ ವಿಚಾರಣೆಯಿಲ್ಲದೆ ಮಾಯವಾದವು. ನಮ್ಮ ದೇಶದಲ್ಲಿಯೂ ೨೦೧೨ರ ತಿದ್ದುಪಡಿಯಂತೆ, ಸ್ವಾಮ್ಯವುಳ್ಳವರು ದೂರುಕೊಟ್ಟರೆ ಜಾಲತಾಣದವರು ಬರೆಹವನ್ನು ೨೧ ದಿನಗಳವರೆಗೆ ಮರೆಮಾಡಬೇಕು. ಅಷ್ಟರೊಳಗೆ ನ್ಯಾಯಾಲಯದ ಆಜ್ಞೆ ಬಾರದಿದ್ದರೆ ಮತ್ತೆ ಇಡಬಹುದೆಂದಿದೆಯೇ ಹೊರತು ಇಡಲೇಬೇಕೆಂದಿಲ್ಲ. ಬರೆದವಳನ್ನು ಒಂದು ಮಾತು ಕೇಳಬೇಕೆಂಬ ನಿಯಮವೂ ಅಲ್ಲಿಲ್ಲ.

ಇನ್ನು ನೀತಿಯ ಹೆಸರಿನಲ್ಲಿ ನಡೆಯುವ ಪ್ರತಿಬಂಧದ ವಿಷಯ. ಇಲ್ಲಿ ತಾಯಿತಂದೆಗಳ ಆತಂಕವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಅಭಿಮಾನಿ ಕಥೆಗಳಲ್ಲಿ ಎಳೆಯರು ಓದಬಾರದಂಥವೂ ಇವೆ. ಕೆಲವು ಅಸಹ್ಯವಾದವೂ ಇವೆ. ಆದರೆ ಕಳೆಯನ್ನು ಕೀಳಹೋಗಿ ಪೈರನ್ನೇ ಕಿತ್ತುಹಾಕಿದ ದೃಷ್ಟಾಂತಗಳನ್ನೂ ನೋಡಬೇಕು. ೨೦೦೭ರ ಮೇ ತಿಂಗಳಲ್ಲಿ ‘ಲೈವ್‌ಜರ್ನಲ್’ ಸಂಸ್ಥೆಯು, ಹೊರಗಿನವರ ದೂರನ್ನು ಕೇಳಿ, ಪರಿಚಯಪುಟಗಳಲ್ಲಿದ್ದ ಕೆಲವು ಶಬ್ದಗಳನ್ನಷ್ಟೆ ಗುರುತಾಗಿ ಹಿಡಿದು ಸುಮಾರು ೫೦೦ ಖಾತೆಗಳನ್ನು ಮುಚ್ಚಿತು. ಹಾಗೆ ಮುಚ್ಚಿದವುಗಳಲ್ಲಿ ನಬಕೋವನ ಪ್ರಸಿದ್ಧ ಕಾದಂಬರಿಯೊಂದನ್ನು ಚರ್ಚಿಸುತ್ತಿದ್ದ ಓದುಗರ ಕೂಟವೂ ಇದ್ದಿತು. ಆಮೇಲೆ ಸಂಸ್ಥೆಯವರು ಕ್ಷಮೆಕೇಳಿ ಅನೇಕ ಖಾತೆಗಳನ್ನು ಹಿಂದಕ್ಕೆ ಕೊಟ್ಟರು. ೨೦೨೦ರ ಫೆಬ್ರವರಿಯಲ್ಲಿ ಚೀನಾದೇಶದಲ್ಲಿ ನಟನೊಬ್ಬನನ್ನು ಕುರಿತು ಬರೆದ ಒಂದು ಕಥೆಯು ಅವನ ಅಭಿಮಾನಿಗಳಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಅವರು ಅಧಿಕಾರಿಗಳಿಗೆ ದೂರಿತ್ತರು. ಅದೇ ತಿಂಗಳ ೨೯ರಂದು ‘ಆರ್ಕೈವ್ ಆಫ್ ಅವರ್ ಓನ್’ ಭಂಡಾರದ ಬಾಗಿಲೇ ಚೀನೀ ಓದುಗರಿಗೆ ಮುಚ್ಚಿತು. ಒಂದು ಕಥೆಯ ಮೇಲಣ ಕೋಪಕ್ಕೆ ಲಕ್ಷಾಂತರ ಕಥೆಗಳು ಬಲಿಯಾದವು. ದೂರುಕೊಟ್ಟವರೂ ಓದುಗರೇ ಎಂಬುದನ್ನು ಮರೆಯಬಾರದು; ಪ್ರತಿಬಂಧವನ್ನು ಕರೆದುತರುವುದು ಸುಲಭ, ಅದನ್ನು ಬೇಕಾದಲ್ಲಿ ನಿಲ್ಲಿಸುವುದು ಯಾರಿಂದಲೂ ಆಗದು.

ಇದಕ್ಕಿಂತ ಒಳ್ಳೆಯ ಉಪಾಯವನ್ನು ಆ ಭಂಡಾರದವರೇ ಕಂಡುಕೊಂಡಿದ್ದಾರೆ. ಪ್ರತಿಯೊಂದು ಕಥೆಯ ಮೇಲೆಯೂ ಅದು ಎಲ್ಲರಿಗೂ ತಕ್ಕುದೋ, ಹದಿಹರೆಯದವರಿಗೋ, ದೊಡ್ಡವರಿಗೆ ಮಾತ್ರವೋ ಎಂಬ ಚೀಟಿಯನ್ನು ಅಂಟಿಸುವ ಏರ್ಪಾಡುಂಟು. ಕ್ರೌರ್ಯ, ಮರಣ ಮೊದಲಾದವುಗಳಿದ್ದರೆ ಮುನ್ನೆಚ್ಚರಿಕೆಯುಂಟು. ಅದನ್ನು ಹೇಳಲೊಲ್ಲದವರು, ಹೇಳಿಲ್ಲವೆಂಬುದನ್ನಾದರೂ ತಿಳಿಸಬೇಕು. ಔಷಧದ ಅಂಗಡಿಯಲ್ಲಿ ವಿಷವಸ್ತುಗಳೂ ಇರುತ್ತವೆ. ನಾವು ಅಂಗಡಿಯನ್ನು ಸುಡುವುದಿಲ್ಲ, ಸೀಸೆಯ ಮೇಲೆ ಹೆಸರು ಬರೆಯಿಸುತ್ತೇವೆ, ಮಗುವಿನ ಕೈಗೆ ಸಿಗದಂತೆ ಮೇಲಿನ ಹಲಗೆಯಲ್ಲಿಡುತ್ತೇವೆ. ಚೀಟಿಯಿಂದ ಎಲ್ಲವೂ ಆಗದೆಂಬುದೂ ನಿಜ. ಅದನ್ನು ದಾಟಿಹೋಗುವ ಮಕ್ಕಳಿರುವರು. ಆ ಉಳಿದ ಕೆಲಸವು ಮನೆಯದು.

ಹೀಗಿರಲು ನಾವು ಕೇಳುವುದು ಬಹಳವಲ್ಲ. ಮೊದಲನೆಯದಾಗಿ, ಹಣದಾಸೆಯಿಲ್ಲದೆ, ಮೂಲವನ್ನು ಹೆಸರಿಸಿ, ಮೂಲದ ಮಾರಾಟಕ್ಕೆ ಹೇಳತಕ್ಕಷ್ಟು ಹಾನಿಮಾಡದೆ ರಚಿಸಿದ ಹೊಸ ಕೃತಿಗೆ ನಮ್ಮ ಕಾಯಿದೆಯಲ್ಲಿ ಸ್ಪಷ್ಟವಾದ ವಿನಾಯಿತಿಯಿರಲಿ. ಕೆನಡಾ ದೇಶವು ೨೦೧೨ರಲ್ಲಿ ಇಂಥ ನಿಯಮವನ್ನು ಮಾಡಿಕೊಂಡಿತು. ಬ್ರಿಟನ್ನಿನವರು ೨೦೧೪ರಲ್ಲಿ ಅಣಕಕ್ಕೂ ಅನುಕರಣಕ್ಕೂ ನ್ಯಾಯವಾದ ಬಳಕೆಯ ರಕ್ಷಣೆಯನ್ನು ಕೊಟ್ಟರು. ಆ ದೇಶಗಳಲ್ಲಿ ಇದರಿಂದ ಪುಸ್ತಕದಂಗಡಿಗಳೇನೂ ಮುಚ್ಚಲಿಲ್ಲ. ಎರಡನೆಯದಾಗಿ, ದೂರು ಬಂದೊಡನೆ ಅಳಿಸುವ ಬದಲು, ಬರೆದವರಿಗೆ ಕಾರಣವನ್ನು ತಿಳಿಸಿ ಉತ್ತರಹೇಳಲು ಅವಕಾಶಕೊಡುವ ಪದ್ಧತಿ ಬರಲಿ. ಮೂರನೆಯದಾಗಿ, ಎಳೆಯರ ರಕ್ಷಣೆಗೆ ಚೀಟಿಯೂ ಎಚ್ಚರಿಕೆಯೂ ಇರಲಿ, ಬೀಗಮುದ್ರೆ ಬೇಡ. ಇದಕ್ಕೆ ಪ್ರತಿಯಾಗಿ ಬರೆಯುವವರ ಕರ್ತವ್ಯಗಳೂ ಉಂಟು. ಇನ್ನೊಬ್ಬರ ವಾಕ್ಯಗಳನ್ನು ಎತ್ತಿ ತಮ್ಮದೆನ್ನಬಾರದು. ಬದುಕಿರುವ ವ್ಯಕ್ತಿಗಳ ಮಾನಕ್ಕೆ ಕುಂದುತರಬಾರದು. ಅಭಿಮಾನಿ ಕಥೆಯನ್ನು ಮಾರಾಟಕ್ಕೆ ಇಡುವ ದಿನ ಅದು ವ್ಯಾಪಾರವಾಗುವುದರಿಂದ, ವ್ಯಾಪಾರದ ನಿಯಮಗಳಿಗೆ ತಲೆಬಾಗಬೇಕು.

ಕಾಯಿದೆಯು ಬದಲಾಗುವುದಕ್ಕೆ ವರ್ಷಗಳು ಬೇಕಾಗಬಹುದು. ತಾಯಂದಿರು ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮಗಳು ದೂರವಾಣಿಯನ್ನು ಹಿಡಿದು ಮೂಲೆಯಲ್ಲಿ ಕುಳಿತು ಏನನ್ನೋ ಬರೆಯುತ್ತಿದ್ದರೆ, ಅದನ್ನು ಕಸಿದುಕೊಳ್ಳುವ ಮುಂಚೆ, ಏನು ಬರೆಯುತ್ತೀಯಮ್ಮಾ, ನನಗೂ ಓದಿ ಹೇಳೆಂದು ಕೇಳಿರಿ. ನಾಚಿಕೊಂಡರೆ ಒತ್ತಾಯಮಾಡಬೇಡಿರಿ, ಮತ್ತೊಂದು ದಿನ ಕೇಳಿರಿ. ಓದಿದಾಗ ಕಾಗುಣಿತವನ್ನು ತಿದ್ದಿರಿ, ಸಪ್ಪೆಯಾದ ಮುಕ್ತಾಯವನ್ನು ಸಪ್ಪೆಯೆಂದೇ ಹೇಳಿರಿ, ಒಳ್ಳೆಯ ಮಾತು ಬಂದಲ್ಲಿ ಮೆಚ್ಚಿರಿ. ಇಂದು ಇನ್ನೊಬ್ಬರ ಪಾತ್ರಗಳ ಕೈಹಿಡಿದು ನಡೆಯುವವಳು ನಾಳೆ ತನ್ನವೇ ಆದ ಪಾತ್ರಗಳನ್ನು ನಡೆಸಿಯಾಳು. ನಡೆಸದೆ ಹೋದರೂ, ತನ್ನ ಮನಸ್ಸಿನಲ್ಲಿರುವುದನ್ನು ಅಂಜದೆ ಸ್ಪಷ್ಟವಾಗಿ ಹೇಳಬಲ್ಲ ಹೆಂಗಸಾಗುವಳು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವವರು ಬಯಸುವುದು ಇದನ್ನೇ ಅಲ್ಲವೆ?